ಹಿತ್ತಲ ಬಿಸಿನೀರಿನ ಹೊಂಡ

ನಾಲ್ಕು ವರ್ಷಗಳಿಂದ ನನ್ನ ಹೆಂಡತಿಯ ಸೆರಗಿಗೆ ಪಿನ್ನು ಹಾಕುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಅವಳು ಸೀರೆ ಸುತ್ತಿಕೊಂಡು, ಎಡಭುಜದ ಮೇಲೆ ಸೆರಗನ್ನು ಅಂಗೈಯಿಂದ ಒತ್ತಿ ಹಿಡಿದು ನನ್ನ ಮುಂದೆ ಬಂದು ನಿಲ್ಲುತ್ತಿದ್ದಳು. ಸಂಧಿವಾತ ಅವಳ ಬೆರಳುಗಳ ಗೆಣ್ಣುಗಳನ್ನು ಬಾಗಿಸಿತ್ತು. ಪಿನ್ನಿನ ಬಾಯಿ ಬಿಡಿಸುವಷ್ಟು ಒತ್ತಡ ಆ ಬೆರಳುಗಳಲ್ಲಿ ಉಳಿದಿರಲಿಲ್ಲ. ನಿರಿಗೆಯನ್ನೂ ನಾನೇ ಹಿಡಿದು ಕೊಡುತ್ತಿದ್ದೆ. ಕ್ಯಾಂಪ್ ಪೇಟೆಯ ಅಂಗಡಿಯಲ್ಲಿ ಮೂವತ್ತು ವರ್ಷ ಸೀರೆ, ಕುಪ್ಪಸದ ಖಣ ಮಾರಿದವನಿಗೆ ಅದು ಕಷ್ಟದ ಕೆಲಸವಲ್ಲ. ಆದರೆ ನಾನು ಪಿನ್ನು ಹಾಕುವಾಗಲೂ ತೆಗೆಯುವಾಗಲೂ ಅವಳು ಬೇರೆ ಕಡೆ ನೋಡುತ್ತಿದ್ದಳು. ಒಮ್ಮೆಯೂ ಬೇಸರದ ಮಾತಾಡಲಿಲ್ಲ. ಮುಖ ಮಾತ್ರ ಕಿಟಕಿಯ ಕಡೆಗೆ ತಿರುಗಿರುತ್ತಿತ್ತು.

ಡಾಕ್ಟರು ಔಷಧಿ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಕೊನೆಗೆ, ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂತು ದಿನವೂ ಕೈಕಾಲು ಆಡಿಸಿದರೆ ಕೀಲುಗಳು ಸ್ವಲ್ಪ ಸಡಿಲವಾಗಬಹುದು ಎಂದರು. ಆಗುತ್ತದೆ ಎನ್ನಲಿಲ್ಲ, ಆಗಬಹುದು ಎಂದರು. ಈಜುಕೊಳಗಳ ನೀರು ತಣ್ಣಗಿರುತ್ತದೆ. ಅಂಗಡಿಯಲ್ಲಿ ಸಿಗುವ ದೊಡ್ಡ ಟಬ್ಬುಗಳ ಗೋಡೆ ಸೊಂಟದೆತ್ತರ. ಮೊಣಕಾಲು ಮಡಚಲಾಗದವಳು ಅದನ್ನು ದಾಟಿ ಒಳಗೆ ಇಳಿಯುವುದು ಹೇಗೆ? ನೆಲದ ಮಟ್ಟದಲ್ಲೇ ಬಾಯಿ ಇರುವ, ಹಿಡಿಕೆ ಹಿಡಿದು ಮೆಟ್ಟಿಲಿಳಿಯುವಂಥ ಟಬ್ಬು ಬೇಕಾಗಿತ್ತು. ಅದನ್ನು ಮಾರುವವರು ಸ್ಪಾ ಎನ್ನುತ್ತಾರೆ. ಬಿಬವೇವಾಡಿಯ ನಮ್ಮ ಮನೆಯ ಹಿಂದೆ ಬಟ್ಟೆ ಒಣಗಿಸುವ ತಂತಿ, ತುಳಸಿಕಟ್ಟೆ ಬಿಟ್ಟು ಹತ್ತು ಹೆಜ್ಜೆಯಷ್ಟು ಖಾಲಿ ನೆಲವಿತ್ತು. ಅಲ್ಲಿ ಅಗೆಯುವುದೆಂದು ತೀರ್ಮಾನವಾಯಿತು.

ಅಗೆಯಲು ಬಂದವರು ಯಾದಗಿರಿ ಕಡೆಯ ಗಂಡ ಹೆಂಡತಿ. ನಮ್ಮ ಓಣಿಯ ತುದಿಯಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಅವರಿಗೆ ಕೆಲಸ. ಗಂಡ ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಿದ್ದಳು.

"ಇದು ಯಾತರ ಹೊಂಡ್ರಿ ಸಾವ್ಕಾರ್ರ?"

"ಬಿಸಿನೀರಿಂದು. ಒಳಗ ಕೂಡೂದು."

"ಕೂತು ಏನ್ ಮಾಡ್ತಾರ್ರಿ?"

"ಏನೂ ಮಾಡೂದಿಲ್ಲ. ಸುಮ್ನ ಕೂಡೂದು."

ಅವಳು ಗುದ್ದಲಿ ಊರಿ ನಿಂತು ಗಂಡನ ಕಡೆ ತಿರುಗಿದಳು. "ಕೇಳ್ದೇನು? ಸುಮ್ನ ಕೂಡಾಕ ಇಷ್ಟ ಆಳ ಅಗೀಬೇಕಂತ. ನೀ ಬರೇ ಕಟ್ಟಿ ಮ್ಯಾಲ ಕೂತು ಮುಗಿಸ್ತೀ."

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಹಳ ದಿನಗಳ ಮೇಲೆ ಅವಳು ಬಾಯಿ ಬಿಟ್ಟು ನಕ್ಕದ್ದು ಅವತ್ತು.

ಮೊಣಕಾಲುದ್ದ ಮಣ್ಣು ಬಂತು, ಆಮೇಲೆ ಜಲ್ಲಿಯಂಥ ಕೆಂಪು ಮುರುಮು, ಅದರ ಕೆಳಗೆ ಕರಿಕಲ್ಲು. ಎರಡು ದಿನ ಕಲ್ಲೊಡೆಯುವ ಯಂತ್ರ ಓಡಿತು, ಮನೆಯ ಪಾತ್ರೆಗಳೆಲ್ಲ ಕಪಾಟಿನಲ್ಲಿ ನಡುಗಿದವು. ತಳಕ್ಕೆ ಕಾಂಕ್ರೀಟು ಹಾಸಿದ ಮೇಲೆ ಟಬ್ಬು ಬಂತು. ಕಡುನೀಲಿ ಬಣ್ಣದ್ದು. ಮನೆಯ ಪಕ್ಕದ ಸಂದು ಕಿರಿದಾಗಿತ್ತು, ಹಾಗಾಗಿ ಕ್ರೇನು ತಂದು ಮನೆಯ ಮೇಲಿಂದಲೇ ದಾಟಿಸಬೇಕಾಯಿತು. ಓಣಿಯವರೆಲ್ಲ ಹೊರಗೆ ಬಂದು ನಿಂತರು. ನಮ್ಮ ಮನೆಗಿಂತ ಮೇಲೆ, ನಾಲ್ಕು ಪಟ್ಟಿಗಳಲ್ಲಿ ತೂಗುತ್ತ, ಅದು ನಿಧಾನಕ್ಕೆ ಚಾವಣಿಯ ಮೇಲೆ ಸಾಗಿತು. ಅದರ ನೆರಳು ಮೊದಲು ಗೇಟಿನ ಮೇಲೆ, ಆಮೇಲೆ ಗೋಡೆಯ ಮೇಲೆ ಬಿತ್ತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ, ಕಿಟಕಿಯಲ್ಲಿ ಬೆಳಕು ಹೋಗಿ ಮತ್ತೆ ಬಂದದ್ದನ್ನಷ್ಟೇ ಕಂಡಳಂತೆ. "ಹಬ್ಬದ ದಿನ ಪಲ್ಲಕ್ಕಿ ಹೋದಂಗಾತು," ಎಂದಳು.

ಟಬ್ಬು ಕೂರಿಸಲು ಬಂದ ಫಿಟ್ಟರು ಮರಾಠಿಯವನು, ನಲವತ್ತರ ಆಸುಪಾಸು, ತಾಳ್ಮೆಯ ಮನುಷ್ಯ. ಟಬ್ಬಿನ ಸುತ್ತ ಮರಳು ತುಂಬುವಾಗ ಒಳಗೆ ನೀರನ್ನೂ ಅದೇ ಮಟ್ಟಕ್ಕೆ ತುಂಬುತ್ತ ಹೋದ. ಹೊರಗೆ ಒಂದು ಗೇಣು ಮರಳು, ಒಳಗೆ ಒಂದು ಗೇಣು ನೀರು. ಮರಳು ಮುಂದಾದರೆ ಗೋಡೆ ಒಳಕ್ಕೆ ಬಾಗುತ್ತದೆ, ನೀರು ಮುಂದಾದರೆ ಹೊರಕ್ಕೆ. ಎರಡೂ ಜೊತೆಯಾಗಿ ಏರಬೇಕು. ಇಡೀ ಮಧ್ಯಾಹ್ನ ನಾನು ಅದನ್ನು ನೋಡುತ್ತ ನಿಂತೆ. ಒಂದು ವಸ್ತು ನೆಲದೊಳಗೆ ನೆಮ್ಮದಿಯಾಗಿ ಕೂರಲು ಎರಡೂ ಕಡೆಯಿಂದ ಸಮನಾದ ಭಾರ ಬೇಕೆಂದು ನನಗೆ ಗೊತ್ತಿರಲಿಲ್ಲ.

ಕಾಲು ಇಳಿಬಿಡುವ ತಗ್ಗಿನಲ್ಲಿ ಅಂಗೈ ಅಗಲದ ಎರಡು ಜಾಲರಿಗಳಿದ್ದವು. ಮೋಟರು ಅವುಗಳ ಮೂಲಕ ನೀರನ್ನು ಎಳೆದುಕೊಂಡು, ಸೋಸಿ, ಬಿಸಿಮಾಡಿ, ಗೋಡೆಯ ತೂತುಗಳಿಂದ ರಭಸವಾಗಿ ಮತ್ತೆ ಒಳಗೆ ಬಿಡುತ್ತದೆ. ಎರಡು ಜಾಲರಿ ಯಾಕೆಂದು ಕೇಳಿದೆ. ಒಂದರ ಬಾಯಿ ಮುಚ್ಚಿದರೆ ಇನ್ನೊಂದು ಉಸಿರಾಡುತ್ತದೆ ಎಂದ. ಹೋಗುವ ಮೊದಲು ಎರಡು ಮಾತು ಹೇಳಿದ. ಒಂದು: "ಕಾಕಾ, ಪಾಣ್ಯಾತ ಕಾಹೀ ಟಾಕೂ ನಕಾ," ನೀರಿನಲ್ಲಿ ಏನನ್ನೂ ಹಾಕಬೇಡಿ, ಮೈಗೆ ಅಂಟಿದ ಬಟ್ಟೆ ಬಿಟ್ಟು ಬೇರೇನೂ ಉಟ್ಟು ಇಳಿಯಬೇಡಿ. ಇನ್ನೊಂದು: ಟಬ್ಬಿನಿಂದ ಕಾಣುವ ಹಾಗೆ ಹಿತ್ತಲ ಗೋಡೆಯ ಮೇಲೆ ಒಂದು ದೊಡ್ಡ ಕೆಂಪು ಗುಂಡಿ ಬೇಕು, ಒತ್ತಿದರೆ ಎಲ್ಲ ನಿಲ್ಲುವಂಥದ್ದು. ಆ ಗೋಡೆಗೆ ಹೊಸದಾಗಿ ಬಣ್ಣ ಬಳಿಸಿದ್ದೆ. ಅಡುಗೆಮನೆಯಲ್ಲಿ ಸ್ವಿಚ್ಚು ಇದೆಯಲ್ಲ, ಸಾಕು ಎಂದೆ. ಅವನು ವೈರಿನ ತುದಿಗೆ ಟೇಪು ಸುತ್ತಿ ಗೋಡೆಯಲ್ಲೇ ಬಿಟ್ಟು, ಮುಂದಿನ ವಾರ ಬಂದು ಹಾಕಿಯೇ ಹಾಕುತ್ತೇನೆ ಎಂದು ಹೋದ.

ಮರುದಿನ ಬೆಳಿಗ್ಗೆ ಅಗೆದ ಹೆಣ್ಣುಮಗಳು ಗಂಡನೊಂದಿಗೆ ಹೊಂಡ ನೋಡಲು ಬಂದಳು. ನೀರು ತುಂಬಿ ನಿಂತಿತ್ತು. ಅವಳು ಚಪ್ಪಲಿ ಬಿಟ್ಟು, ಬಗ್ಗಿ, ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡಳು.

"ಅಕ್ಕಾರ, ಉಡಿ ತುಂಬೀರೇನ್ರಿ?"

"ಇಲ್ಲ ತಂಗಿ. ಇದೇನು ಬಾವಿ ಅಲ್ಲಲ್ಲ."

"ನೆಲ ಅಗದು ನೀರು ತುಂಬಿಸೀರಿ. ಬಾವಿ ಅಲ್ದ ಮತ್ತೇನ್ರಿ? ಗಂಗವ್ವಗ ಉಡಿ ತುಂಬದ ಕಾಲ ಇಡಬಾರ್ದ್ರಿ."

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಫಿಟ್ಟರು ಹೇಳಿದ ಮಾತು ನನಗೆ ನೆನಪಿತ್ತು. ಆದರೂ ನಾನು ಕಪಾಟಿನಲ್ಲಿದ್ದ ಖಣಗಳಲ್ಲಿ ಒಂದನ್ನು ಆರಿಸಿ ತಂದೆ. ಕಡುನೀಲಿ, ಅಂಚಿಗೆ ತೆಳುವಾದ ಕೆಂಪು ಗೆರೆ. ನೀರಿನ ಬಣ್ಣಕ್ಕೆ ಒಪ್ಪುತ್ತದೆ ಎಂದುಕೊಂಡಿದ್ದೆ. ಮೊರದಲ್ಲಿ ಮಡಿಲು ತುಂಬುವ ಸಾಮಾನೆಲ್ಲ ಇಟ್ಟೆವು: ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣ ಕೊಂಬು, ಚೆಂಡುಹೂವು, ಮೇಲೆ ಖಣ. ಮೊರದ ಒಂದು ಕಡೆಯನ್ನು ನನ್ನ ಹೆಂಡತಿ ಅಂಗೈಗಳಲ್ಲಿ ಹಿಡಿದಳು, ಇನ್ನೊಂದು ಕಡೆ ಆ ಹೆಣ್ಣುಮಗಳು. ಇಬ್ಬರೂ ಬಗ್ಗಿ ನೀರಿಗೆ ಉಡಿ ಬಿಟ್ಟರು. ಎರಡು ನಿಮಿಷ ಎಲ್ಲರೂ ಕೈಮುಗಿದು ನಿಂತೆವು.

ಆಮೇಲೆ ನಡೆದದ್ದನ್ನು ನಾನು ಎಷ್ಟೋ ಸಲ ನೆನಪಿಗೆ ತಂದುಕೊಂಡಿದ್ದೇನೆ. ತೇಲುತ್ತಿದ್ದ ಕಾಯಿ, ಎಲೆ, ಹೂವುಗಳನ್ನು ನಾನು ತೆಗೆದೆ. ಅರಿಷಿಣದ ಕೊಂಬನ್ನು ಆ ಹೆಣ್ಣುಮಗಳ ಗಂಡ ಕೈ ಹಾಕಿ ತೆಗೆದ. ಹಾಗೆ ಬಿಟ್ಟ ಖಣವನ್ನು ಆಮೇಲೆ ಮುತ್ತೈದೆಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಅದನ್ನು ಹೆಂಡತಿ ಆ ಹೆಣ್ಣುಮಗಳಿಗೆ ಕೊಟ್ಟಳೆಂದು ನಾನು ತಿಳಿದೆ. ನಾನು ಕೊಟ್ಟೆನೆಂದು ಹೆಂಡತಿ ತಿಳಿದಳು. ಖಣ ನೆನೆದು ಮುಳುಗಿತ್ತು, ಮತ್ತು ನೀಲಿ ತಳದಲ್ಲಿ ನೀಲಿ ಬಟ್ಟೆ ಯಾರಿಗೂ ಕಾಣಲಿಲ್ಲ.

ರಾತ್ರಿಯಿಡೀ ನೀರು ಕಾಯಿತು. ಬೆಳಿಗ್ಗೆ ಮುಚ್ಚಳ ಸರಿಸಿದಾಗ ಹಬೆ ಎದ್ದು ತುಳಸಿಗಿಡದವರೆಗೆ ಹೋಯಿತು. ಹೆಂಡತಿ ಹಳೆಯ ಹತ್ತಿ ಸೀರೆ ಉಟ್ಟು ಬಂದಿದ್ದಳು. ಮೈಗೆ ಅಂಟುವ ಬಟ್ಟೆ ಎಂದು ಫಿಟ್ಟರು ಹೇಳಿದ್ದನ್ನು ನೆನಪಿಸಿದೆ.

"ಕೃಷ್ಣಿಗೆ ಇಳಿದಾಗ ಏನ್ ಉಟ್ಕೊಂಡು ಇಳೀತಿದ್ವಿ? ಸೀರಿ ಉಟ್ಕೊಂಡೇ ಹೊಳಿ ಜಳಕ ಮಾಡಿದಾಕಿ ನಾ. ಈ ವಯಸ್ಸಿನ್ಯಾಗ ಅವನ್ನೆಲ್ಲಾ ಹಾಕ್ಕೊಳ್ಳೂದಿಲ್ಲ."

ನಾನೇ ಅವಳ ಸೆರಗಿಗೆ ಪಿನ್ನು ಹಾಕಿದೆ. ಹಿಡಿಕೆ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ನೀರು ಸೊಂಟ ದಾಟಿತು, ಎದೆಗೆ ಬಂತು. ಒಳಗಿನ ಆಸನದ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಮೊಣಕಾಲುಗಳು ತಾವಾಗಿ ಮೇಲೆದ್ದು ಬಂದವು. ನೆಲದ ಮೇಲೆ ಕೂತು ಊಟ ಮಾಡುವುದನ್ನು ಅವಳು ಬಿಟ್ಟು ಆರು ವರ್ಷವಾಗಿತ್ತು. ಈಗ ನೀರಿನಲ್ಲಿ, ತೂಕವೇ ಇಲ್ಲದವಳ ಹಾಗೆ, ಒಂದು ಕಾಲನ್ನು ಮಡಚಿ ಇನ್ನೊಂದರ ಕೆಳಗೆ ಇಟ್ಟಳು. ಇನ್ನೊಂದನ್ನೂ ಮಡಚಿದಳು. ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆಂದು ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಅವಳಿಗೂ ಬೇಕಾಯಿತೆಂದು ಕಾಣುತ್ತದೆ. ಕೆಳಗೆ ನೋಡಿಕೊಂಡಳು, ನನ್ನನ್ನು ನೋಡಿದಳು.

ಗೋಡೆಯ ತೂತುಗಳಿಂದ ಬರುವ ನೀರಿನ ರಭಸ ಮಾತ್ರ ಕಡಿಮೆ ಎನಿಸಿತು. ಮೂರನೆಯ ದಿನಕ್ಕೆ ಇನ್ನೂ ಕಡಿಮೆ. ಫಿಟ್ಟರಿಗೆ ಫೋನು ಮಾಡಿದೆ. ಫಿಲ್ಟರು ತೊಳೆಯಿರಿ, ಎಲ್ಲಾದರೂ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ ಎಂದ. ಫಿಲ್ಟರು ತೆಗೆದು ತೊಳೆದೆ. ಮಡಿಕೆಗಳ ನಡುವೆ ಉಬ್ಬಿದ ಅಕ್ಕಿಕಾಳುಗಳೂ ಚೆಂಡುಹೂವಿನ ಎಸಳುಗಳೂ ಸಿಕ್ಕವು. ಕಾರಣ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದೆ. ತಳದ ಜಾಲರಿಗಳನ್ನು ನೋಡಲಿಲ್ಲ. ಮೋಟರಿನ ವೇಗ ಹೆಚ್ಚಿಸುವ ಗುಂಡಿ ಒತ್ತಿದೆ. ರಭಸ ಬಂತು. ನನಗೆ ಸಮಾಧಾನವಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಎಂಟು ದಾಟಿತ್ತು. ಅವಳು ಒಳಗೆ ಕೂತು ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದಳು. ನಾನು ಅಂಚಿನಲ್ಲಿ ಸ್ಟೂಲಿನ ಮೇಲೆ ಕೂತು, ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ತಿಳಿಸುವ ಕಾಗದದ ಪಟ್ಟಿಯನ್ನು ಅದ್ದಿ, ಅದರ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸುತ್ತಿದ್ದೆ.

"ರೀ, ಸೆರಗು ಹಿಡದದ," ಎಂದಳು. ದನಿ ಏರಿರಲಿಲ್ಲ.

ಅವಳ ಕಾಲ ಕೆಳಗೇ ಸಿಕ್ಕಿರಬೇಕು ಎಂದುಕೊಂಡೆ. "ಕಾಲ ಎತ್ತು," ಎಂದೆ.

"ಕಾಲಲ್ಲ. ಕೆಳಗ ಎಳೀಲಿಕ್ಕತ್ತದ."

ಹೇಳುತ್ತಿದ್ದಂತೆಯೇ ಆಸನದಿಂದ ಜಾರಿದಳು. ಎದೆಮಟ್ಟದಲ್ಲಿದ್ದ ನೀರು ಗದ್ದಕ್ಕೆ ಬಂತು. ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಅವಳ ತೋಳು ಹಿಡಿದು ಎಳೆದೆ. ಭುಜದಿಂದ ತಳದವರೆಗೆ ಸೆರಗು ಕಟ್ಟಿದ ಹಗ್ಗದ ಹಾಗೆ ಬಿಗಿದಿತ್ತು. ಬದುಕಿಡೀ ಬಟ್ಟೆಯನ್ನು ಅಳೆದು, ಹರಿದು, ಎಳೆದು ತೋರಿಸಿದವನು ನಾನು. ಒದ್ದೆ ಹತ್ತಿ ಬಟ್ಟೆ ಅಷ್ಟು ಬಿಗಿಯಾಗಿ ನಿಂತದ್ದನ್ನು ನೋಡಿರಲಿಲ್ಲ. ಒಂದು ಬೆರಳಿನಷ್ಟೂ ಮೇಲೆ ಬರಲಿಲ್ಲ. ಅಷ್ಟು ಬಲವಿದ್ದ ಯಂತ್ರ ಎಂದಿನಂತೆ ಮೆಲ್ಲಗೆ ಗುಂಯ್ ಎನ್ನುತ್ತಿತ್ತು, ಅಷ್ಟೇ.

ಮೋಟರು ನಿಲ್ಲಲೆಂದು ಅಂಚಿನ ಫಲಕದ ಮೇಲಿನ ಗುಂಡಿ ಒತ್ತಿದೆ. ಅದು ಗುಳ್ಳೆಗಳ ಗುಂಡಿ. ನೀರೆಲ್ಲ ಬೆಳ್ಳಗೆ ಕುದಿದಂತಾಗಿ, ಅವಳ ಮುಖ ಬಿಟ್ಟು ಉಳಿದದ್ದು ಕಾಣದಾಯಿತು. ಅವಳು ತಲೆ ಹಿಂದಕ್ಕೆ ಚಾಚಿ ಬಾಯಿಯನ್ನು ನೀರಿನ ಮೇಲೆ ಇಟ್ಟುಕೊಂಡಿದ್ದಳು.

"ಕೈ ಬಿಡ್ರಿ. ಒಳಗ ಹೋಗಿ ಬಂದ್ ಮಾಡ್ರಿ," ಎಂದಳು.

ನಾನು ಕೈ ಬಿಟ್ಟೆ. ಆ ಕೈ ಬಿಟ್ಟದ್ದು ನನಗೆ ಈಗಲೂ ಅಂಗೈಯಲ್ಲಿ ತಿಳಿಯುತ್ತದೆ.

ಹಿತ್ತಲಿನಿಂದ ಅಡುಗೆಮನೆಯ ಸ್ವಿಚ್ಚುಗಳಿಗೆ ಹನ್ನೊಂದು ಹೆಜ್ಜೆ. ಆಮೇಲೆ ಅಳೆದು ನೋಡಿದ್ದೇನೆ. ಅಲ್ಲಿ ಸಾಲಾಗಿ ನಾಲ್ಕು ಸ್ವಿಚ್ಚುಗಳಿದ್ದವು, ಯಾವುದರ ಮೇಲೂ ಏನೂ ಬರೆದಿರಲಿಲ್ಲ. ಮೊದಲನೆಯದನ್ನು ಬಂದ್ ಮಾಡಿದೆ, ಫ್ರಿಜ್ಜು ನಿಂತಿತು. ಎರಡನೆಯದಕ್ಕೆ ದೀಪ ಹೋಯಿತು. ಮೂರನೆಯದಕ್ಕೆ ಹಿತ್ತಲಿನ ಸದ್ದು ನಿಂತಿತು. ಹೀಗೆ ಬರೆಯುವಾಗ ಮೂರು ಸಾಲು. ಅವತ್ತು ಅದು ಎಷ್ಟು ಹೊತ್ತೆಂದು ನಾನು ಹೇಳಲಾರೆ.

ಮರಳಿ ಓಡಿ ಬಂದಾಗ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಕುಪ್ಪಸ, ಲಂಗ. ಒಂದು ಕೈ ಹಿಡಿಕೆಯ ಮೇಲೆ. ಸೀರೆ ಅವಳ ಹಿಂದೆ ನೀರಿನಲ್ಲಿ ಹರಡಿ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಅವಳ ತುಟಿಗಳ ನಡುವೆ ಪಿನ್ನು ಇತ್ತು.

ಕಾಯಿಲೆಗೆ ಮೊದಲು, ಸೀರೆ ಉಡುವಾಗ, ಅವಳು ಹಾಗೆಯೇ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು ಮಾತಾಡುತ್ತಿದ್ದಳು. ನಾನದನ್ನು ಮರೆತೇಬಿಟ್ಟಿದ್ದೆ.

ಟವೆಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದೆ. ನಾನು ನೆಲದ ಮೇಲೆಯೇ ಕೂತೆ. ಅವಳು ಪಿನ್ನನ್ನು ತುಟಿಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿದಳು.

"ನಾ ಸ್ವಿಚ್ ತಗದ ಮ್ಯಾಲ ಜಾಲರಿ ಸೆರಗು ಬಿಟ್ಟಿರಬೇಕು," ಎಂದೆ.

"ಇಲ್ಲರಿ. ಮೋಟರ್ ಇನ್ನೂ ಗುಂಯ್ ಅಂತಿತ್ತು. ಪಿನ್ ಬಿಚ್ಚಿದೆ. ಒಂದ್ ಸುತ್ತು ತಿರಗಿದೆ, ಉಳದದ್ದು ತಾನ ಬಿಚ್ಕೊಂಡು ಹೋತು."

ನಾನು ನೋಡಲಿಲ್ಲ, ಅಡುಗೆಮನೆಯಲ್ಲಿದ್ದೆ. ಪಿನ್ನು ಮೊದಲು ಬಿಚ್ಚಿತೋ ಮೋಟರು ಮೊದಲು ನಿಂತಿತೋ ಎಂಬುದಕ್ಕೆ ನಾನು ಸಾಕ್ಷಿಯಲ್ಲ. ಆದರೆ ಯಾವುದು ಮೊದಲಾದರೂ, ಆ ಪಿನ್ನನ್ನು ಬಿಚ್ಚಿದ್ದು ಆ ಬೆರಳುಗಳೇ. ನಾಲ್ಕು ವರ್ಷ ಅವುಗಳಿಂದ ಆಗದ ಕೆಲಸ ಅದು. ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ನೆನೆದಿದ್ದವು, ಜೀವ ಹೋಗುವ ಹೊತ್ತಾಗಿತ್ತು. ಎರಡರಲ್ಲಿ ಯಾವುದು ಅವನ್ನು ಸಡಿಲಿಸಿತೆಂದು ಡಾಕ್ಟರೂ ಹೇಳಲಿಲ್ಲ.

ಮಧ್ಯಾಹ್ನ ಫಿಟ್ಟರು ಬಂದು ನೀರು ಖಾಲಿ ಮಾಡಿದ. ಒಂದು ಜಾಲರಿಯ ಮೇಲೆ ಸೀರೆಯ ಸೆರಗಿತ್ತು. ಇನ್ನೊಂದರ ಮೇಲೆ, ಅಂಟು ಹಚ್ಚಿ ಕೂರಿಸಿದಂತೆ, ಖಣ. ನಾಲ್ಕು ದಿನದಿಂದ ಒಂದು ಬಾಯಿ ಮುಚ್ಚಿ, ಇನ್ನೊಂದೇ ಎರಡರ ಬಲವನ್ನೂ ಎಳೆಯುತ್ತಿತ್ತು. ಅದರ ಮೇಲೆ ವೇಗ ಹೆಚ್ಚಿಸಿದವನು ನಾನು. ಅವನು ಖಣವನ್ನು ಸುಲಿದು ತೆಗೆದು ಬೆಳಕಿಗೆ ಹಿಡಿದ. ಜಾಲರಿಯ ಒಂದೊಂದು ತೂತೂ ಬಟ್ಟೆಯಲ್ಲಿ ಸಣ್ಣ ಉಬ್ಬಾಗಿ ಎದ್ದು ನಿಂತಿತ್ತು. ಎಲ್ಲಿಯದು ಇದು ಎಂದು ಕೇಳಿದ. ನಮ್ಮದೇ ಅಂಗಡಿಯದು ಎಂದೆ. ಅವನು ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ, ವೈರಿನ ತುದಿಯ ಟೇಪನ್ನು ಬಿಚ್ಚತೊಡಗಿದ.

"ನೀವು ಆಕಿಗೆ ಕೊಡ್ಲಿಲ್ಲೇನು?" ಎಂದು ಹೆಂಡತಿ ಕೇಳಿದಳು.

"ನೀ ಕೊಟ್ಟೀ ಅಂತ ಮಾಡಿದ್ದೆ."

ಸಂಜೆ ಕೆಲಸ ಬಿಟ್ಟು ಬರುತ್ತಿದ್ದ ಆ ಹೆಣ್ಣುಮಗಳನ್ನು ಕರೆದು ಕೇಳಿದೆವು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀವಾ ಕರದು ಕೊಡ್ತೀರಿ ಅಂತ ಕಾದ್ನಿರಿ. ಉಡಿ ಖಣ ಕೇಳಿ ಇಸ್ಕೊಳ್ಳಾದು ಹೆಂಗ್ರಿ ಅಕ್ಕಾರ?" ಬಹಳ ಹೊತ್ತು ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಹೊಸ ಖಣ ತಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಗಂಗವ್ವ ಹಿಡಕೊಂಡು ಬಿಟ್ಟ ಖಣ ಕೊಡ್ರಿ ನಂಗ." ನನ್ನ ಹೆಂಡತಿ ಕುಂಕುಮ ಹಚ್ಚಿ, ಆ ಒದ್ದೆ ಖಣವನ್ನೇ ಅವಳ ಉಡಿಯಲ್ಲಿ ಹಾಕಿದಳು.

ಆ ಹೊಂಡವನ್ನು ಮುರುಮಿನಿಂದ ಮುಚ್ಚಿಸುತ್ತೇನೆ ಎಂದು ನಾನು ಹೇಳಿದೆ. ಎರಡು ದಿನ ಅದನ್ನೇ ಹೇಳಿದೆ. ಮೂರನೆಯ ದಿನ ಅವಳು ಉತ್ತರ ಕೊಟ್ಟಳು.

"ನೀರೇನು ಮಾಡೇದ? ಮಾಡಿದವ್ರು ನಾವು. ನಾಲ್ಕ ವರ್ಷ ನೀವು ನನಗ ಪಿನ್ ಹಾಕೀರಿ. ಇನ್ನೂ ಎಷ್ಟು ವರ್ಷ ಹಾಕ್ಬೇಕಂತ ಮಾಡೀರಿ?"



ಹೊಸ ಬಣ್ಣದ ಗೋಡೆಯ ಮೇಲೆ ಈಗ ಕೆಂಪು ಗುಂಡಿ ಇದೆ. ಅಡುಗೆಮನೆಯ ಸ್ವಿಚ್ಚುಗಳ ಮೇಲೆ ಹೆಸರು ಬರೆದು ಅಂಟಿಸಿದ್ದೇನೆ. ಪ್ರತಿದಿನ ಬೆಳಿಗ್ಗೆ ಟಾರ್ಚು ಹಿಡಿದು ಎರಡೂ ಜಾಲರಿಗಳನ್ನು ನೋಡುತ್ತೇನೆ, ಅವು ಗಟ್ಟಿಯಾಗಿವೆಯೇ ಎಂದು ಕೋಲಿನಿಂದ ಮುಟ್ಟಿ ನೋಡುತ್ತೇನೆ, ಆಮೇಲೆ ಮೋಟರು ಹಾಕುತ್ತೇನೆ, ಕಡಿಮೆ ವೇಗದಲ್ಲಿ. ಅವಳು ಬಿಗಿಯಾದ ಚೂಡಿದಾರ ಹೊಲಿಸಿಕೊಂಡಿದ್ದಾಳೆ, ದುಪಟ್ಟಾ ಇಲ್ಲ, ಕೂದಲು ನೆತ್ತಿಯ ಮೇಲೆ ಗಂಟು. ಮತ್ತೆ ಇಳಿದ ಮೊದಲ ದಿನ ನಾನು ಕೆಂಪು ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ.

"ಕೈ ತಗೀರಿ. ಬಸ್ಸಿನ ಕಂಡಕ್ಟರ್ ಗಂಟಿ ಹಗ್ಗ ಹಿಡಿದಂಗ ನಿಂತೀರಿ," ಎಂದಳು.

ನಾನು ತೆಗೆಯಲಿಲ್ಲ.

ಅವಳು ಅಂಚಿನ ಮೇಲೆ ಒಂದು ಸ್ಟೀಲಿನ ಬಟ್ಟಲು ಇಟ್ಟುಕೊಂಡಿದ್ದಳು. ಕಾಲುಗಂಟೆ ನೀರಿನಲ್ಲಿ ಕೈ ಆಡಿಸಿದ ಮೇಲೆ ಬಟ್ಟಲಿನಿಂದ ಪಿನ್ನು ತೆಗೆದಳು. ಬಿಚ್ಚಲು ಹೋದಳು, ಜಾರಿತು. ಮತ್ತೆ ಹಿಡಿದಳು. ಹೆಬ್ಬೆರಳಿನ ಗೆಣ್ಣು ಬೆಳ್ಳಗಾಯಿತು. ಪಿನ್ನು ಬಾಯಿ ಬಿಟ್ಟಿತು. ಅದನ್ನು ಮುಚ್ಚಿ, ಮತ್ತೆ ಬಿಚ್ಚಿದಳು. ಹಬೆಯ ನಡುವೆ ಅವಳ ಕೈಗಳನ್ನೇ ನೋಡುತ್ತ ನಿಂತಿದ್ದ ನನಗೆ, ಅವತ್ತು ಕ್ರೇನಿನಲ್ಲಿ ತೂಗುತ್ತ ಮನೆಯ ಮೇಲೆ ಹಾದು ಹೋದದ್ದು ಈ ಸಣ್ಣ ಸಂಗತಿಯೇ ಎನಿಸಿತು.

ಇದೆಲ್ಲ ನೀರಿನಲ್ಲಿ. ಮೈ ಒರೆಸಿಕೊಂಡು ಒಳಗೆ ಬಂದ ಮೇಲೆ ಬೆರಳುಗಳು ಮತ್ತೆ ಬಿಗಿಯುತ್ತಿದ್ದವು. ಐದು ವಾರ ಹಾಗೆಯೇ ಹೋಯಿತು. ಹೊಂಡದಲ್ಲಿ ಬಿಚ್ಚುವವಳು ಕನ್ನಡಿಯ ಮುಂದೆ ಸೋತು, ಸೆರಗು ಒತ್ತಿ ಹಿಡಿದು ನನ್ನ ಮುಂದೆ ಬಂದು ನಿಲ್ಲುತ್ತಿದ್ದಳು, ಮುಖ ಕಿಟಕಿಯ ಕಡೆ.

ಕಳೆದ ಸೋಮವಾರ ನಾನು ಎಂದಿನಂತೆ ಪಿನ್ನಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು ಕನ್ನಡಿಯ ಕಡೆ ತಿರುಗಿದಳು. ನಾನು ಬಾಗಿಲ ಹತ್ತಿರ ಸರಿದು ನಿಂತೆ. ಎರಡು ಸಲ ಪಿನ್ನು ಕೆಳಗೆ ಬಿತ್ತು. ಎರಡೂ ಸಲ ನಾನು ಎತ್ತಿಕೊಟ್ಟೆ, ಅಷ್ಟೇ. ಮೂರನೆಯ ಸಲ ಅದು ಬಟ್ಟೆಯೊಳಗೆ ಹೋಯಿತು, ಮತ್ತು ಬಹಳ ಹೊತ್ತಿನ ಮೇಲೆ ಬಾಯಿ ಮುಚ್ಚಿತು.

ಸೆರಗಿನ ನಾಲ್ಕು ಮಡಿಕೆಗಳಲ್ಲಿ ಒಂದು ಹೊರಗೇ ಉಳಿದಿತ್ತು. ಬಟ್ಟೆ ವ್ಯಾಪಾರಿಯ ಕೈ. ಸರಿಮಾಡಲು ತಾನಾಗಿ ಮೇಲೆದ್ದಿತು. ನಾನು ಅದನ್ನು ಕೆಳಗಿಳಿಸಿದೆ.

"ಸೊಟ್ಟ ಆಗೇದೇನು?" ಎಂದು ಕೇಳಿದಳು, ಕನ್ನಡಿಯಲ್ಲಿ ನನ್ನನ್ನು ನೇರವಾಗಿ ನೋಡುತ್ತ.

"ಆಗೇದ," ಎಂದೆ.

"ಇರ್ಲಿ," ಎಂದಳು.